ನೀಲಿ ಅಂಗಿಯ ಹುಡುಗಿ

"ಆ ಹುಡುಗಿ ಸತ್ತಾಳ. ಈಗ ಅದಾಳಲ್ಲ, ಆಕಿ ಬ್ಯಾರೆ," ಎಂದಳು ಗಾಳೆಮ್ಮ.

ಖುಷ್ಬು ಹೊಲಿಗೆ ಯಂತ್ರದಿಂದ ಕಾಲು ತೆಗೆದಳು. ತಳಕಲ್ಲಿನ ಅವಳ ಟೇಲರಿಂಗ್ ಅಂಗಡಿಯ ಟಿ.ವಿ.ಯಲ್ಲಿ 'ಏಳನೇ ಕಕ್ಷೆ' ಧಾರಾವಾಹಿ ಆಗಷ್ಟೇ ಮುಗಿದಿತ್ತು. ಈ ಸೀಸನ್ನಿನಲ್ಲಿ ಉಳಿದದ್ದು ಒಂದೇ ಕಂತು. ಬಾಹ್ಯಾಕಾಶ ನೌಕೆಯ ಕಮಾಂಡರ್ ನೈರಾಳ ಮಗಳು ಮಿಹಿ ಅಪಘಾತದಲ್ಲಿ ಕಾಣೆಯಾಗಿ, ಒಂಬತ್ತು ದಿನದ ಮೇಲೆ ಜೀವಂತ ಸಿಕ್ಕಿದ್ದಳು. ಹುಡುಕಿ ತಂದದ್ದು ನೌಕೆಯನ್ನು ನಡೆಸುವ ಮಷೀನು. ಅಂದಿನಿಂದ ಮಿಹಿಯಲ್ಲಿ ಏನೋ ಒಂದು ಸರಿ ಇರಲಿಲ್ಲ. ಅದೇನು ಎಂಬುದರ ಮೇಲೆ ಅಭಿಮಾನಿಗಳು ತಲೆಗೊಂದು ಮಾತು ಆಡುತ್ತಿದ್ದರು. ಖುಷ್ಬು ಕಟ್ಟಿದ್ದ ಆನ್‌ಲೈನ್ ಗುಂಪಿನಲ್ಲೇ ಅಂಥವರು ನಾಲ್ಕು ಸಾವಿರ ಜನ. ಕುಕನೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೊಟ್ರೇಶ, ಮಿಹಿ ಭವಿಷ್ಯದ ಕಾಲದಿಂದ ಬಂದವಳು ಎಂದು ಚಿತ್ರ ಬರೆದು ವಿವರಿಸಿದ್ದ. ಬಹಳಷ್ಟು ಮಂದಿ ಅದನ್ನೇ ಒಪ್ಪಿದ್ದರು.

"ಹ್ಯಾಂಗ ಹೇಳ್ತಿ ಅತ್ತಿ?"

"ಎಂಟು ವಾರಾತು, ಆಕಿ ಆ ನೀಲಿ ಅಂಗಿ ತಗದಿಲ್ಲ. ಮಲಗಿದ್ರೂ ಅದ, ಎದ್ರೂ ಅದ. ತಗೀತೀನಿ ಅಂದ್ರ ಮಷೀನು ಬ್ಯಾಡ ಅಂತೈತಿ. ಯಾಕ?" ನಲವತ್ತು ವರ್ಷ ಕುರಿ ಕಾಯ್ದ ಗಾಳೆಮ್ಮ ಬಟ್ಟೆಯ ಗಂಟಿನ ಮೇಲೆ ಸರಿಯಾಗಿ ಕೂತಳು. "ಈದ ಕುರೀದು ಮರಿ ಸತ್ತರ ನಾವೇನು ಮಾಡ್ತೀವಿ? ಸತ್ತ ಮರೀದು ತೊಗಲು ಸುಲಿದು ತಬ್ಬಲಿ ಮರಿ ಮೈಗೆ ಕಟ್ಟತೀವಿ. ತಾಯಿ ಮೂಸಿ ನೋಡಿ, ತನ್ನದ ಅಂತ ಮೊಲಿ ಕೊಡತೈತಿ. ಆ ಅಂಗಿ ಸತ್ತ ಮಗಳದು. ಒಳಗಿರಾಕಿ ಯಾರೋ ತಬ್ಬಲಿ."

"ಮತ್ತ ಮುಖ?"

"ಮುಖ ಮಾಡಾಕ ಮಷೀನಿಗೆ ಬರತೈತಿ. ಹೋದ ತಿಂಗಳ ಸತ್ತ ಪೈಲಟ್‌ನ ಮುಖ ಮಾಡಿ ತೋರಿಸಲಿಲ್ಲೇನು? ವಾಸನಿ ಮಾಡಾಕ ಬರಂಗಿಲ್ಲ. ಅದಕ್ಕ ಅಂಗಿ."

ಖುಷ್ಬು ಯಂತ್ರ ಬಿಟ್ಟು ಎದ್ದಳು. ಇದನ್ನೆಲ್ಲ ಮತ್ತೊಮ್ಮೆ ಹೇಳಿಸಿ, ಫೋನಿನಲ್ಲಿ ಚಿತ್ರೀಕರಿಸಿ ಗುಂಪಿಗೆ ಹಾಕಿದಳು.

ಬೆಳಗಾಗುವುದರೊಳಗೆ ಅದಕ್ಕೆ 'ಕುರಿ ಥಿಯರಿ' ಎಂಬ ಹೆಸರು ಬಿದ್ದಿತ್ತು. ಹೆಲ್ಮೆಟ್ ಹಾಕಿಕೊಂಡ ಕುರಿಯ ಚಿತ್ರಗಳು ಒಂದರ ಹಿಂದೊಂದು ಬಂದವು. ಕೊಟ್ರೇಶ ಸಭ್ಯವಾಗಿಯೇ ಚುಚ್ಚಿದ: "ವಿಜ್ಞಾನದ ಕಥೆಯನ್ನು ಕುರಿಹಟ್ಟಿಗೆ ಎಳೆದು ತರಬೇಡಿ. ಇಂಥದ್ದನ್ನು ಹಾಕುವವರು ಅಡ್ಮಿನ್ ಆಗಿರಬೇಕೇ ಎಂದು ಎಲ್ಲರೂ ಯೋಚಿಸಿ." ಅದಕ್ಕೆ ಮುನ್ನೂರು ಜನ ಚಪ್ಪಾಳೆ ಒತ್ತಿದರು. ಜಂಪರ್ ಹೊಲಿಸಲು ಬಂದವರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಮೂರು ವರ್ಷ ಒಬ್ಬೊಬ್ಬರನ್ನೇ ಸೇರಿಸಿ ಕಟ್ಟಿದ ಗುಂಪು ಅದು. ಗುರುವಾರ ಖುಷ್ಬುವಿಗೆ ತಡೆಯಲಾಗಲಿಲ್ಲ.

"ಆ ವಿಡಿಯೋ ತಗದುಬಿಡ್ಲೇನ ಅತ್ತಿ? ನಿನ್ನ ನೋಡಿ ನಗಾಕತ್ತಾರ."

"ನಗಲಿ ಬಿಡು. ತೊಗಲು ಕಟ್ಟಿ ನೋಡಿದವರು ಅವರೊಳಗ ಯಾರರ ಅದಾರೇನು?" ಗಾಳೆಮ್ಮ ಅವಳ ಮುಖ ನೋಡಿದಳು. "ಆದ್ರ ನಿನಗ ಅಂಜಿಕಿ ಆದ್ರ ತಗಿ. ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಆ ಮಾತು ಖುಷ್ಬುವಿಗೆ ನಾಟಿತು. ಅವಳು ತೆಗೆಯಲಿಲ್ಲ. ಬದಲಿಗೆ ಬರೆದಳು: "ಭಾನುವಾರ ಸಂಜಿ ಏಳಕ್ಕ ಕಡೀ ಕಂತು ನನ್ನ ಅಂಗಡ್ಯಾಗ ಕೂಡಿ ನೋಡೋಣ. ಗಾಳೆಮ್ಮತ್ತಿ ಮಾತು ಸುಳ್ಳಾದ್ರ ಅಡ್ಮಿನ್ ನಾನ ಬಿಡ್ತೀನಿ. ಕೊಟ್ರೇಶ ಸರ, ನೀವೂ ಬರ್ರಿ."

ಬಂದರು. ಇಪ್ಪತ್ತು ಮೂವತ್ತು ಜನ ಒಳಗೆ ಹಿಡಿಸದೆ ಮೆಟ್ಟಿಲ ಮೇಲೆಲ್ಲ ನಿಂತರು. ಕೊಟ್ರೇಶನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮೊದಲ ಅರ್ಧ ಗಂಟೆ ಅವನದೇ. ಟಿ.ವಿ.ಯಲ್ಲಿ ನೌಕೆಯ ಗಡಿಯಾರಗಳೆಲ್ಲ ಹಿಂದಕ್ಕೆ ಓಡಿದವು. "ನೋಡ್ರಿ, ನಾ ಹೇಳಿದ್ನಿಲ್ಲೋ?" ಎಂದು ಅವನು ಸುತ್ತ ನೋಡಿದ. ಖುಷ್ಬು ಅಡ್ಮಿನ್ ಬಿಡಲು ಫೋನು ಕೈಗೆತ್ತಿಕೊಂಡಳು. ಗಾಳೆಮ್ಮ ಮಾತ್ರ ಕಣ್ಣು ಕೀಳದೆ ಆ ಅಂಗಿಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ನೌಕೆಗೆ ಬೆಂಕಿ ಬಿತ್ತು. ಮಿಹಿಯ ತೋಳಿಗೆ ಕಿಡಿ ಹತ್ತಿತು. ನೈರಾ ಓಡಿ ಬಂದು ಆ ನೀಲಿ ಅಂಗಿಯನ್ನು ಹರಿದೆಸೆದಳು, ಮಗಳನ್ನು ಎದೆಗೆ ಅವಚಿಕೊಂಡಳು. ಅವಚಿಕೊಂಡವಳು ಹಾಗೆಯೇ ನಿಂತಳು. ಹುಡುಗಿಯ ಕತ್ತು ಮೂಸಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

"ನೀನು ಯಾರು?"

ಉತ್ತರ ಕೊಟ್ಟದ್ದು ಮಷೀನು, ನೈರಾಳ ಕಿವಿಗಷ್ಟೇ ಕೇಳುವ ಹಾಗೆ. "ಕಮಾಂಡರ್, ನಿಮ್ಮ ಮಗಳು ಮೂರನೇ ದಿನ ತೀರಿಕೊಂಡಳು. ಈ ಮಗುವಿಗೆ ಯಾರೂ ಇರಲಿಲ್ಲ."

ಅಂಗಡಿಯಲ್ಲಿ ಎದ್ದ ಸಿಳ್ಳೆಗೆ ಎದುರಿನ ಹೋಟೆಲಿನವರು ಚಹಾ ಬಿಟ್ಟು ಓಡಿ ಬಂದರು. ಖುಷ್ಬು ಬಟ್ಟೆ ಕತ್ತರಿಸುವ ಮೇಜು ಹತ್ತಿ ಕುಣಿದಳು. ನೋಡನೋಡುತ್ತ ಗುಂಪಿನ ತುಂಬ ಒಂದೇ ಮಾತು: ಗಾಳೆಮ್ಮತ್ತಿಗೆ ಜೈ! ಹುಬ್ಬಳ್ಳಿಯಿಂದ, ಬೀದರಿನಿಂದ, ದುಬೈಯಿಂದಲೂ.

ಕೊಟ್ರೇಶ ಕುರ್ಚಿಯಿಂದ ಎದ್ದ. ಅವನು ನೇರ ಬಂದು ಗಾಳೆಮ್ಮನ ಮುಂದೆ ನೆಲದ ಮೇಲೆ ಕೂತ.

"ಎರಡು ತಿಂಗಳು ತಲಿ ಕೆಡಿಸಿಕೊಂಡೀನ್ರಿ ಯವ್ವಾ, ಒಮ್ಮಿನೂ ಆ ಅಂಗಿ ಕಡೆ ನೋಡಲಿಲ್ಲ," ಎಂದ, ಎಲ್ಲರ ಫೋನಿಗೂ ಕೇಳುವ ಹಾಗೆ. "ನಾ ಸೋತೆ. ಹಟ್ಟಿ ಬಗ್ಗೆ ಹಂಗ ಬರೆದದ್ದೂ ತಪ್ಪು. ಮುಂದಿನ ಸೀಸನ್ನಿಂದೂ ನೀವ ಹೇಳಬೇಕ್ರಿ. ನೈರಾ ತನ್ನ ತಾಯಿ ಅಲ್ಲಂತ ಆ ಹುಡುಗಿಗೆ ಯಾವಾಗ ಗೊತ್ತಾಗತೈತಿ?"

ಗಾಳೆಮ್ಮ ಬಾಯಿ ತುಂಬ ನಕ್ಕಳು.

"ಗೊತ್ತಾಗೋದೇನು ಬಂತ್ರಿ ಸರ? ನಾವು ಮೋಸ ಮಾಡೋದು ತಾಯಿಗಷ್ಟ. ಈಕಿ ನಮ್ಮವ್ವ ಅಲ್ಲ ಅಂತ ಮರಿಗೆ ಮೊದಲನೇ ದಿನಾನ ಗೊತ್ತಿರತೈತಿ. ಆದ್ರೂ ಬಾಲ ಅಲ್ಲಾಡಿಸಿಕೋಂತ ಕುಡೀತೈತಿ."