ಹಿರಿಮಗಳ ಮನೆ

"ಹಾಲೆಂಡಿನವರಿಗೆ ಕೊಟ್ರೆ ಮನೆ ಮಾರಿದ ಹಾಗೆ. ನಿಂಗೆ ಕೊಟ್ರೆ ಸೋತ ಹಾಗೆ" ಎಂದಳು ಮರೂಕ್ಲಾ ದೊಡ್ಡಮ್ಮ. "ಅವರು ನಾಳೆ ಹಡಗಲ್ಲಿ ಬರ್ತಾರೆ. ಮಾತು ಮುಗೀತು, ಎದ್ದೇಳು."

ಸೆವಾಸ್ತಿ ಏಳಲಿಲ್ಲ. ಪಿರೇಯಸ್ ಬಂದರಿನ ಹಿಂದಿನ ಬೀದಿಯಲ್ಲಿ ಗಂಡನ ಜೊತೆ ಬೇಕರಿ ನಡೆಸಿ, ಒಲೆಯ ಮುಂದೆ ಮುಖ ಸುಟ್ಟುಕೊಂಡು ಅವಳು ಕೂಡಿಸಿದ್ದೆಲ್ಲ ಈ ಮನೆಗಾಗಿ. ಇರುವುದಕ್ಕೆ ಅಲ್ಲೊಂದು ಮನೆ ಇದ್ದೇ ಇತ್ತು. ಕಾರ್ಪಾಥೋಸ್ ದ್ವೀಪದ ಈ ಗುಡ್ಡದ ಮೇಲೆ ಇನ್ನೊಂದು ಮನೆ ಬೇಕಾಗಿದ್ದದ್ದು ಇರುವುದಕ್ಕಲ್ಲ. ಅಮ್ಮನನ್ನು ಇದರೊಳಗೆ ಒಮ್ಮೆ ಕೂರಿಸುವುದಕ್ಕೆ.

ಮರೂಕ್ಲಾಳ ತಂಗಿಯಾದ ಅಮ್ಮ ಫೋತಿನಿ ಬಂದಾಗಿನಿಂದ ಹೊಸ್ತಿಲಿನ ಹೊರಗೇ ನಿಂತಿದ್ದಳು. ಯಾರೂ ಬರಬೇಡ ಅಂದಿರಲಿಲ್ಲ. ಯಾರೂ ಬಾ ಅಂತಲೂ ಅಂದಿರಲಿಲ್ಲ. ಆ ಊರಲ್ಲಿ ತಾಯಿಯ ಮನೆ ಹಿರಿಮಗಳಿಗೆ; ತಾಯಿಯ ಚಿನ್ನ, ಹೊಲ, ಆಲಿವ್ ಮರಗಳೆಲ್ಲ ಅವಳಿಗೇ. ಕಿರಿಯಳಿಗೆ ಸಿಗುವುದು ಅಕ್ಕನ ಮನೆಯ ಪೊರಕೆ. ಫೋತಿನಿ ಅದನ್ನು ಹಿಡಿದೇ ದೊಡ್ಡವಳಾಗಿ, ಒಂದು ದಿನ ಅದನ್ನು ಬಾಗಿಲ ಹಿಂದೆ ಒರಗಿಸಿಟ್ಟು ಪಿರೇಯಸ್ಸಿನ ಹಡಗು ಹತ್ತಿದ್ದಳು. ಈಗ ವಯಸ್ಸಾದ ಮರೂಕ್ಲಾ ಮನೆ ಮಾರಿ ರೋಡ್ಸ್ ದ್ವೀಪದಲ್ಲಿರುವ ಮಗನ ಹತ್ತಿರ ಹೊರಟಿದ್ದಳು.

"ವರ್ಷಕ್ಕೊಂದು ತಿಂಗಳು ಬಂದು ಮಲಗೋಕೆ ಇಷ್ಟು ದೊಡ್ಡ ಮನೆ ಯಾಕೆ ನಿಂಗೆ? ಕೆಳಗೆ ಬಂದರಲ್ಲಿ ರೂಮು ಸಿಗುತ್ತೆ."

"ಹಾಲೆಂಡಿನವರು ಅಷ್ಟೂ ಬರಲ್ಲ ದೊಡ್ಡಮ್ಮ. ಬಾಡಿಗೆಗೆ ಬಿಡ್ತಾರಂತೆ. ನಿನ್ನ ಮಂಚದಲ್ಲಿ ದಿನಕ್ಕೊಬ್ಬರು ಹೊರಳಾಡ್ತಾರೆ."

"ಹೊರಳಾಡಲಿ ಬಿಡು. ಅವರು ಯಾರೋ ಏನೋ. ನೀನ್ಯಾರು ಅಂತ ನಂಗೆ ಗೊತ್ತು."

"ಯಾರು ಹೇಳು ನೋಡೋಣ?"

"ಈ ಮನೆ ಕಸ ಗುಡಿಸಿದೋಳ ಮಗಳು."

ಹೊಸ್ತಿಲಾಚೆ ಫೋತಿನಿ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಬಾರೇ ಮಗಳೇ, ಹೋಗೋಣ. ಬಸ್ಸು ತಪ್ಪುತ್ತೆ" ಎಂದಳು ಮೆಲ್ಲಗೆ.

ಸೆವಾಸ್ತಿಗೆ ಕಣ್ಣು ಉರಿಯಿತು. ಆದರೂ ನಗುತ್ತಲೇ, "ಚೆನ್ನಾಗಿ ಗುಡಿಸ್ತಿದ್ಳು ತಾನೇ ದೊಡ್ಡಮ್ಮ?" ಎಂದಳು.

ಮರೂಕ್ಲಾಗೆ ಎಲ್ಲಿ ತಾಗಿತೋ, ಕೋಲೂರಿಕೊಂಡು ಎದ್ದು ನಿಂತೇಬಿಟ್ಟಳು. "ಇದು ಸಂತೆ ಸಾಮಾನಲ್ಲ ಕಣೇ! ಇಲ್ಲಿ ಯಾರ್ಯಾರು ಯಜಮಾನಿಯಾಗಿ ಆಳಿದ್ರು ಅಂತ ಗೊತ್ತಾ ನಿಂಗೆ?" ಎಂದು ಬೆರಳು ಮಡಿಸತೊಡಗಿದಳು. ಆ ಊರಿನ ಹಿರಿಯ ಹೆಣ್ಣುಮಕ್ಕಳಿಗೆ ತಮ್ಮ ಮನೆಯ ಯಜಮಾನಿಯರ ಹೆಸರಿನ ಸಾಲು, ಮಾತು ಕಲಿಯುವಾಗಲೇ ಬಾಯಿಪಾಠ. "ಕಲ್ಲು ಹೊರಿಸಿ ಕಟ್ಟಿಸಿದೋಳು ಮರೂಕ್ಲಾ. ಅವಳ ಮಗಳು ಸೆವಾಸ್ತಿ. ಅವಳ ಮಗಳು ಮರೂಕ್ಲಾ, ನಮ್ಮಜ್ಜಿ. ಅವಳ ಮಗಳು ಸೆವಾಸ್ತಿ, ನಮ್ಮಮ್ಮ. ಅವಳ ಮಗಳು ಮರೂಕ್ಲಾ, ನಾನು! ನಾನಾದ ಮೇಲೆ ಸೆವಾಸ್ತಿ..."

ರೂಢಿಯ ಜಾಡಿನಲ್ಲಿ ನಾಲಿಗೆ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟಿತ್ತು.

"ಓ ದೊಡ್ಡಮ್ಮ, ಇಲ್ಲೇ ಇದೀನಿ" ಎಂದಳು ಸೆವಾಸ್ತಿ.

ಮರೂಕ್ಲಾಳ ಮಡಿಸಿದ ಬೆರಳು ಹಾಗೇ ನಿಂತಿತು. ಚೊಚ್ಚಲ ಮಗಳಿಗೆ ತಾಯಿಯ ತಾಯಿಯ ಹೆಸರು. ಇದನ್ನು ಅಲ್ಲಿ ಯಾರೂ ಮೀರುವುದಿಲ್ಲ. ಮರೂಕ್ಲಾಗೆ ಹುಟ್ಟಿದ್ದೆಲ್ಲ ಗಂಡು. ಅವಳ ಮಡಿಲಿಗೆ ಬರಬೇಕಿದ್ದ ಹೆಸರು ದಾರಿ ಬದಲಿಸಿ, ಪಿರೇಯಸ್ಸಿನ ಬಾಡಿಗೆ ಕೋಣೆಯಲ್ಲಿ ತಂಗಿಯ ಮಡಿಲಿಗೆ ಬಿದ್ದಿತ್ತು. ಆ ಹೆಸರು ಈಗ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿತ್ತು.

"ಹಾಳು ನಾಲಿಗೆ" ಎಂದು ಗೊಣಗಿ ಮರೂಕ್ಲಾ ಕೂತಳು. ಸೆವಾಸ್ತಿಯ ಮುಖ ನೋಡಿದಳು. ಆಮೇಲೆ, "ಬೆಲೇಲಿ ಚೌಕಾಸಿ ಇಲ್ಲ" ಎಂದಳು.

"ನಾನೆಲ್ಲಿ ಕೇಳಿದೆ?"

"ನಿನ್ನ ಹಿರೀ ಮಗಳ ಹೆಸರೇನೇ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಆದರೂ ಸೆವಾಸ್ತಿ ಹೊರಗಿದ್ದವಳಿಗೂ ಕೇಳುವಂತೆ ಹೇಳಿದಳು: "ಫೋತಿನಿ."

"ಹೂಂ. ಅಂದ್ರೆ ಮರೂಕ್ಲಾ ಅನ್ನೋದು ನನಗೇ ಮುಗೀತು." ಮುದುಕಿ ಸೊಂಟದಿಂದ ಕೀಲಿಕೈ ಬಿಚ್ಚಿ, ನೋವಾಗುವಷ್ಟು ಗಟ್ಟಿಯಾಗಿ ಸೆವಾಸ್ತಿಯ ಅಂಗೈಗೆ ಒತ್ತಿದಳು. ಮತ್ತೆ ಬಾಗಿಲ ಕಡೆ ತಿರುಗಿ ಗದರಿದಳು: "ಒಳಗೆ ಬಾರೇ! ಗಾಳಿಗೆ ಅಡ್ಡ ನಿಂತಿದೀಯ."

ಒಳಗೆ ಬಂದ ಫೋತಿನಿಯ ಕಾಲು ಅಭ್ಯಾಸದಂತೆ ನೇರ ಅಡುಗೆಮನೆಯ ಕಡೆ ನಡೆಯಿತು. ಮರೂಕ್ಲಾ ಕೋಲು ಅಡ್ಡ ಹಿಡಿದಳು. "ಕೂತ್ಕೊ. ನಾನು ಮಾಡ್ತೀನಿ."

ಒಲೆಯ ಸದ್ದಾಯಿತು, ಪಾತ್ರೆಯ ಸದ್ದಾಯಿತು. ಸಕ್ಕರೆ ಬೆರೆಸಿಯೇ ಕುದಿಸಿದ ಕಾಫಿಯ ಪುಟ್ಟ ಪಾತ್ರೆ ತಂದು ಮೂರು ಬಟ್ಟಲಿಗೆ ಬಗ್ಗಿಸಿ, ಮೊದಲನೆಯದನ್ನು ಮರೂಕ್ಲಾ ತಂಗಿಯ ಮುಂದಿಟ್ಟಳು. ಫೋತಿನಿ ಬೆನ್ನು ನೇರ ಮಾಡಿಕೊಂಡು, ಅವಸರವಿಲ್ಲದೆ ಒಂದು ಗುಟುಕು ಕುಡಿದಳು.

"ಅಕ್ಕಾ, ಸಕ್ಕರೆ ಸಾಲದು."

ಮರೂಕ್ಲಾ ಡಬ್ಬಿ ತರಲು ಕೋಲೂರುತ್ತ ಒಳಗೆ ಹೋದಳು.

ಸೆವಾಸ್ತಿ ತನ್ನ ಬಟ್ಟಲನ್ನು ತುಟಿಗೆ ತಂದಳು. ಪಾಕದಷ್ಟು ಸಿಹಿಯಾಗಿತ್ತು.