ಇಪ್ಪತ್ತರ ಶೀಶೆ

ಕೇಳಿದ ಮಾತನ್ನೆಲ್ಲ ಹಿಡಿದಿಟ್ಟುಕೊಂಡು ನೀರು ಕದಡತೊಡಗಿದ ಮೇಲೆ, ಊರಿಗೆ ಬಿಡುವ ನೀರು ಎಷ್ಟು ಕದಡಿದೆಯೆಂದು ದಿನವೂ ಅಳೆಯಬೇಕಾಗಿತ್ತು. ಕದಡಿದ್ದನ್ನು ಕುಡಿದವರ ಬಾಯಲ್ಲಿ ಯಾರದೋ ಮಾತು ಬರುತ್ತಿತ್ತು.

ಪಂಪ್‌ಹೌಸಿನಲ್ಲಿ ನಿರುಪಮಾ ಕೈಮೀಟರನ್ನು ಸರಿಹೊಂದಿಸುತ್ತಿದ್ದಳು. ಹೊಸದಾಗಿ ಬಂದ ಅಳತೆಯ ಶೀಶೆಯನ್ನು ಒರೆಸಿ, ಗೆರೆಗೆ ಗೆರೆ ಕೂಡಿಸಿ ಇಟ್ಟಾಗ ಮೀಟರು ಸರಿಯಾಗಿ ಇಪ್ಪತ್ತಕ್ಕೆ ನಿಂತಿತು. ಇಪ್ಪತ್ತೇ ತೋರಿಸಬೇಕಾದ ಹಳೆಯ ಶೀಶೆ ಇಟ್ಟರೆ ಇಪ್ಪತ್ಮೂರು.

“ನಮ್ಮ ಕೂಡ ಒಂದ್ ಮಾತಿಲ್ಲ, ಶೀಶೆ ಕೂಡ ಹರಟಿ ಹೊಡದೀಯೇನ ತಂಗಿ?” ಎಂದ ಹಿರಿಯ ಆಪರೇಟರ್ ಹುಸೇನಪ್ಪ.

ಅವಳು ಹಳೆಯ ಶೀಶೆಯನ್ನು ಕೈಗೆತ್ತಿಕೊಂಡಳು. ಅದನ್ನು ತುಂಬಿಸಿದವನು ತೀರಿಹೋದ ಅವಳ ಗಂಡ ಸುಧನ್ವ. ಅಳತೆಯ ನೀರಿಗೆ ಸುಖದುಃಖ ಸೇರಬಾರದೆಂದು, ಅದು ಇಪ್ಪತ್ತಕ್ಕೆ ಕದಡುವವರೆಗೆ ಬರೀ ಬಸ್ ನಿಲ್ದಾಣಗಳ ಹೆಸರು ಓದಿ ಮುಚ್ಚುವುದು ಅಲ್ಲಿನ ಪದ್ಧತಿ. ಅವನು ಕಂಡಕ್ಟರನ ರಾಗದಲ್ಲಿ ಓದಿ ಅವಳನ್ನು ನಗಿಸುತ್ತಿದ್ದ. ಆ ದನಿ ಈಗ ಉಳಿದದ್ದು ಆ ಶೀಶೆಯೊಂದರಲ್ಲೇ.

“ಇದನ್ನ ಇಟ್ಕೊಂಡ್ರ ಅಳತಿ ತಪ್ಪತೈತಿ. ಇವತ್ತ ಚೆಲ್ಲಬೇಕು,” ಎಂದ ಹುಸೇನಪ್ಪ ಬಾಗಿಲಲ್ಲಿ ನಿಂತು ಮತ್ತೆ ಹೇಳಿದ, “ನಾ ವಾಲ್ವ್ ನೋಡಿ ಬರ್ತೀನಿ. ಎಲ್ಲಿ ಚೆಲ್ಲಿದಿ ಅಂತ ಕೇಳಂಗಿಲ್ಲ.”

ನಿರುಪಮಾ ಹಳೆಯ ಶೀಶೆಯ ಮುಚ್ಚಳ ತೆಗೆದು ಕುಡಿದುಬಿಟ್ಟಳು. ನಾಲಿಗೆಗೆ ಗಂಡನ ರಾಗ ಬಂತು. ವರ್ಷವಿಡೀ ಶೀಶೆಯ ಮುಂದೆ ಕೂತು ಅವಳು ಕೇಳಿದ್ದ ಪ್ರಶ್ನೆಯೂ ಅದರ ನಡುನಡುವೆ ಬಂತು.

“ಎಲ್ಲಿ ಅದೀರಿ?”

“ಕಾರಟಗೀ...”

“ಈಗ ಎಲ್ಲಿ ಅದೀರಿ?”

“ಸಿಂಧನೂರೂ...”

“ಈಗ?”

“ಮಸ್ಕೀ...”

ಬಸ್ಸು ದೂರ ದೂರ ಹೋಗುತ್ತಲೇ ಇತ್ತು. ಕೊನೆಯ ನಿಲ್ದಾಣದವರೆಗೂ ಅವಳು ಜೊತೆಗೇ ಕೂತಿದ್ದಳು.