ಹನ್ನೊಂದು ಸಲ

ಪರೀಕ್ಷಕರು ಕೋಣೆಯ ಬಾಗಿಲು ಹಾಕಿ ಬಂದು, ವಿದ್ಯಾರ್ಥಿನಿಯ ಪ್ರಬಂಧ ತೆರೆದು ಕೂತರು. "ಈ ಕೋಷ್ಟಕ ನನ್ನ ಹಳೆಯ ಪ್ರಬಂಧದ್ದು. ಒಂದು ದಶಮಾಂಶವೂ ಬದಲಾಗಿಲ್ಲ."

ಇವರು ಕೃತಿಚೌರ್ಯವೆಂದು ವರದಿ ಬರೆದರೆ ಅವಳ ಐದು ವರ್ಷದ ಪಿಎಚ್.ಡಿ. ಅಲ್ಲಿಗೇ ಮುಗಿಯಿತು.

"ಕದ್ದೆ ಸಾರ್, ತಪ್ಪಾಯ್ತು. ಆದರೆ ಪ್ರಯೋಗ ಮಾಡಿದ್ದು ದೇವರಾಣೆಗೂ ನಿಜ. ಅದೇ ಲವಣ, ಅದೇ ಉಷ್ಣತೆ, ಹನ್ನೊಂದು ಸಲ ಮಾಡಿದೆ. ಒಮ್ಮೆಯೂ ನಿಮ್ಮ ಅಂಕಿ ಬರಲಿಲ್ಲ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ನಿಮ್ಮದನ್ನೇ ಬರೆದುಬಿಟ್ಟೆ."

"ನಿನಗೆ ಬಂದ ಅಂಕಿಗಳೆಲ್ಲಿ?"

"ನಾಚಿಕೆಯಾಗಿ ಹರಿದು ಹಾಕಿದೆ ಸಾರ್."

ಅವರು ಪ್ರಬಂಧವನ್ನು ಮೆಲ್ಲಗೆ ಮುಚ್ಚಿದರು.

"ಹರಿಯಬಾರದಿತ್ತು ಕಣಮ್ಮಾ. ನಾನು ಆ ಪ್ರಯೋಗ ಮಾಡಿಯೇ ಇರಲಿಲ್ಲ."